ಬೆರಳಿಟ್ಟು ತೋರಿಸಬಲ್ಲ ನೋವು

ನೋವು ಈಗ ಇರಲಿಲ್ಲ. ಯಳವಿಯಿಂದ ಜತ್ತಿನವರೆಗೆ ಸರ್ವಿಸ್ ಮೋಟಾರಿನಲ್ಲಿ ಎದೆಯ ಎಡಭಾಗವನ್ನು ಅಂಗೈಯಿಂದ ಒತ್ತಿಕೊಂಡೇ ಬಂದಿದ್ದ ಮುರಗೆಪ್ಪ ದವಾಖಾನೆಯ ಬಾಕಿನ ಮೇಲೆ ಕುಳಿತ ಕೂಡಲೇ ಅದು ಎಲ್ಲೋ ಹೋಗಿಬಿಟ್ಟಿತ್ತು. ಸುಳ್ಳು ಹೇಳಿ ರಜೆ ಪಡೆದವನಂತೆ ಅವನಿಗೆ ಮುಜುಗರವಾಯಿತು. ಕಚೇರಿಯಲ್ಲಿ ರಾವಸಾಹೇಬರ ಮುಂದೆ ಅರ್ಜಿ ಇಡುವಾಗ ಮುಖವನ್ನು ಎಷ್ಟು ಕಿವುಚಿದ್ದನೆಂದು ಈಗ ನೆನಪಾಯಿತು. ಮೆಲ್ಲಗೆ ಉಸಿರೆಳೆದು ನೋಡಿದ. ಏನೂ ಇಲ್ಲ. ಇನ್ನಷ್ಟು ಎಳೆದ. ಇನ್ನು ಒಳಗೆ ಜಾಗವಿಲ್ಲ ಎನ್ನುವಲ್ಲಿ, ತೀರ ಕೊನೆಗೆ, ಒಂದು ಚುಚ್ಚು ಸಿಕ್ಕಿತು. ಸಮಾಧಾನವಾಯಿತು. ಹಾಗಾದರೆ ಇದೆ. ಡಾಕ್ಟರಿಗೆ ತೋರಿಸಲು ಏನೋ ಇದೆ. ಈ ಸಮಾಧಾನ ಎಂಥದೆಂದು ಯೋಚಿಸಲು ಹೋಗಿ, ಅರ್ಧಕ್ಕೇ ಬಿಟ್ಟು, ಎದುರಿನ ಗೋಡೆಯ ಮೇಲಿನ ಮರಾಠಿ ಫಲಕವನ್ನು ಓದತೊಡಗಿದ. ಜತ್ತಿನ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿ ಐದು ವರ್ಷವಾಗಿತ್ತು. ಉಗುಳಬಾರದು ಎನ್ನುವುದು ಮಾತ್ರ ಎರಡೂ ಆಳ್ವಿಕೆಯಲ್ಲಿ ಒಂದೇ ಆಗಿತ್ತು.

ಪಕ್ಕದಲ್ಲಿ ಬಳೆ ಮಾರುವ ಮುದುಕಿ ಕಾಸೀಂಬಿ ಕೆಮ್ಮುತ್ತ ಕುಳಿತಿದ್ದಳು. ಯಳವಿಗೂ ಬರುತ್ತಿದ್ದವಳು. ಅವನ ಅಂಗೈ ಎದೆಯ ಮೇಲಿದ್ದುದನ್ನು ನೋಡಿ, “ಏನಾಗೇತ್ರಿ ಸಾಹೇಬ್ರ, ಎದಿ ನೋಯಾಕತ್ತೈತೇನು?” ಎಂದಳು. ಅವನು ತಲೆಯಾಡಿಸಿದ. “ವಾಯು ಇರ್ತೈತಿ ತಗೋರಿ. ಅಜವಾನ ಕಪ್ಪುಪ್ಪು ಬಾಯಾಗ ಒಗದು ಮ್ಯಾಲ ಬಿಸಿನೀರ ಕುಡೀರಿ. ತೇಗ ಬಂತಂದ್ರ ಮುಗೀತು. ಇಷ್ಟಕ್ಕ ಡಾಕ್ಟರ ಯಾಕ ಬೇಕು, ನಿಮ್ಮಂಥಾ ಕಲತವರಿಗೆ?”

ಕಲಿತವನು. ಯಳವಿಯಲ್ಲಿ ಬಿ.ಎ. ಆದವನು ಅವನೊಬ್ಬನೇ. ಇತಿಹಾಸ ಓದಿದ್ದ. ಆದರೆ ಯಾರ ಮೈಗೆ ಏನಾದರೂ ಆದರೆ, ಎತ್ತು ಮೇವು ಬಿಟ್ಟರೆ, ಕಾಗದ ಬಂದರೆ, ಎಲ್ಲರೂ ಅವನ ಮುಖ ನೋಡುತ್ತಿದ್ದರು. ಅವನೂ ಏನಾದರೊಂದು ಹೇಳುತ್ತಿದ್ದ. ಗೊತ್ತಿಲ್ಲ ಎನ್ನುವುದು ಕಲಿತವನ ಬಾಯಿಗೆ ಹೊಂದುವ ಮಾತಾಗಿರಲಿಲ್ಲ. ವಾಯು ಎನ್ನುವುದಂತೂ ಊರಿನ ಮುದುಕಿಯರೆಲ್ಲ ಆಡುವ ಮಾತು. ಅಣ್ಣನಿಗೆ ಎದೆ ಹಿಡಿದ ದಿನ ಅವನು ಹಾಗೆಂದಿರಲಿಲ್ಲ. ಗ್ಯಾಸ್ ಎಂದಿದ್ದ. ಪತ್ರಿಕೆಯಿಂದ ತಲೆಯನ್ನು ಪೂರ್ತಿ ಎತ್ತದೆ, ‘ಗ್ಯಾಸ್ ವೈನಿ ಇದು, ಕಡ್ಲಿಹಿಟ್ಟಿಂದು’ ಎಂದಿದ್ದ. ಆ ಇಂಗ್ರೇಜಿ ಶಬ್ದ ಪಡಸಾಲೆಯಲ್ಲಿ ಬಿದ್ದಾಗ ಅದಕ್ಕೊಂದು ತೂಕವಿತ್ತು. ಅತ್ತಿಗೆ ಸಾವಿತ್ರೆವ್ವ ಹೊಸ್ತಿಲಲ್ಲಿ ನಿಂತೇಬಿಟ್ಟಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಲು ಸಿದ್ಧಳಾಗಿದ್ದವಳು.

ಐದು ತಿಂಗಳ ಹಿಂದಿನ ಪುಷ್ಯಮಾಸ. ಚಳಿಗೆ ನಾಯಿ ಕೂಡ ಬಿಸಿಲು ಹುಡುಕಿಕೊಂಡು ಮಲಗಿತ್ತು. ಅಣ್ಣ ಸೋಮನಿಂಗಪ್ಪ ಹೊಲದಿಂದ ಬಂದು, ಹೆಂಡತಿ ನೀಡಿದ ಕಡಲೆಹಿಟ್ಟಿನ ಝುಣಕ, ರೊಟ್ಟಿ ಉಂಡು, ಕೈತೊಳೆದು ಎದ್ದವನು ಕಂಬಕ್ಕೆ ಒರಗಿ ಕುಳಿತಿದ್ದ. ಅಂಗಿ ಬೆನ್ನಿಗೆ ಅಂಟಿಕೊಳ್ಳುವಷ್ಟು ಬೆವರು. “ಎದಿ ಮ್ಯಾಲ ಯಾರೋ ಬಂದು ಕುಂತಂಗ ಆಗೇತಿ ನೋಡ” ಎಂದು ನಕ್ಕಿದ್ದ. ನಗುವಾಗ ಗದ್ದವನ್ನು ಉಜ್ಜಿಕೊಂಡಿದ್ದ. ವೈನಿ, “ಇನ್ನ ಮೋಟಾರ ಹೋಗಿಲ್ಲ, ಅಗಸ್ಯಾಗ ನಿಲ್ಲಸ್ತೀನಿ. ಜತ್ತಿಗೆ ಹೋಗೂಣ್ರಿ, ಏಳ್ರಿ” ಎಂದಿದ್ದಳು. ಎಲ್ಲರೂ ಮುರಗೆಪ್ಪನ ಕಡೆ ನೋಡಿದ್ದರು. ಅವನು ಗ್ಯಾಸ್ ಎಂದ. ಸೋಡಾ ಕುಡಿಸಿರಿ ಎಂದ. ಅಣ್ಣ ಸೋಡಾ ಕುಡಿದು ದೊಡ್ಡದೊಂದು ತೇಗು ಬಿಟ್ಟು, “ಬಿ.ಎ. ಓದಿದ್ದು ಇವತ್ತ ಸಾರ್ಥಕ ಆತು ನೋಡಪಾ” ಎಂದ. ಮುರಗೆಪ್ಪನಿಗೆ ಒಳಗೊಳಗೇ ಹಿತವಾಗಿತ್ತು. ಊರಬಾಗಿಲ ಅಗಸಿಯ ಕಡೆಯಿಂದ ಮೋಟಾರಿನ ಹಾರ್ನು ಕೇಳಿಸಿತು, ಆಮೇಲೆ ಇಳಿಜಾರಿನಲ್ಲಿ ದೂರವಾಯಿತು. ಪತ್ರಿಕೆಯ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಅಣ್ಣ ಕಂಬದಿಂದ ಪಕ್ಕಕ್ಕೆ ಜಾರಿದ್ದ.

“ಯಳವಿಯವರು ಯಾರ್ರಿ?” ಕಂಪೌಂಡರ ಕೂಗಿದ.

ಡಾಕ್ಟರ ನೂರಮಹಮ್ಮದರು ಮಿಲಿಟರಿಯಲ್ಲಿದ್ದು ಬಂದವರು. ಕೂದಲು ಹುಲ್ಲಿನಂತೆ ನೆಟ್ಟಗೆ ನಿಂತಿತ್ತು. “ಬರ್ರಿ, ಕುಂದ್ರಿ. ಅಂಗಿ ತಗೀರಿ.” ಮುರಗೆಪ್ಪ ಅಂಗಿ ಬಿಚ್ಚಿ, ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ಹಿಡಿದು ತಬ್ಬಿಬ್ಬಾಗಿ ನಿಂತ. ಲಿಂಗವಿದ್ದ ಕರಡಿಗೆ ಮೈಬಿಟ್ಟು ಹೋಗುವಂತಿಲ್ಲ. ಡಾಕ್ಟರು, “ತಗೀಬ್ಯಾಡ್ರಿ, ಗೊತ್ತದ ನನಗ. ಬಲಕ್ಕ ಸರಸ್ರಿ ಅಷ್ಟ” ಎಂದು ಕೊಳವೆಯ ತಣ್ಣನೆಯ ತುದಿಯನ್ನು ಎದೆಗೆ ಇಟ್ಟರು. ಅವರು ಕೇಳುತ್ತಿದ್ದಷ್ಟು ಹೊತ್ತು ಅವನು ಅವರ ಹುಬ್ಬನ್ನೇ ನೋಡುತ್ತಿದ್ದ. ಒಂದು ಹುಬ್ಬು ಮೇಲೇರಲಿ ಎಂದು ಆಸೆಪಟ್ಟ. ಐದು ತಿಂಗಳಿಂದ ಅವನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದುದು ಇದೇ: ಅಣ್ಣನಿಗೆ ಬಂದದ್ದು ತನಗೂ ಬರುತ್ತದೆ, ತಾನೂ ಕಂಬಕ್ಕೆ ಒರಗುತ್ತೇನೆ, ಅಲ್ಲಿಗೆ ಲೆಕ್ಕ ಸರಿಯಾಗುತ್ತದೆ, ಬಾಯಿ ಬಿಡುವ ಕೆಲಸವೇ ಉಳಿಯುವುದಿಲ್ಲ.

“ಎಲ್ಲಿ ನೋವು? ಬೆರಳಿಲೆ ತೋರಸ್ರಿ.”

ತೋರಿಸಿದ. ನಡುವಿನ ಎಲುಬಿನ ಎಡಕ್ಕೆ, ಮೂರನೆಯ ಪಕ್ಕೆಲುಬು ಕೂಡುವಲ್ಲಿ. ಡಾಕ್ಟರು ಹೆಬ್ಬೆರಳಿನಿಂದ ಅಲ್ಲಿಯೇ ಒತ್ತಿದರು. “ಅಯ್ಯಯ್ಯೋ!” ಎಂದು ಅವನು ಚೀರಿದ್ದಕ್ಕೆ ಕಂಪೌಂಡರ ಪರದೆ ಸರಿಸಿ ಇಣುಕಿ ಹೋದ. ಹೊರಗೆ ಕಾಸೀಂಬಿ ನಕ್ಕದ್ದು ಕೇಳಿಸಿತು.

“ಭಾರ ಏನರ ಎತ್ತಿದ್ರೇನು?”

“ಇಲ್ರಿ. ನಾ ಕಾರಕೂನಕಿ ಮಾಡಾಂವ. ಭಾರ ಎಲ್ಲಿ ಎತ್ತಲಿ.” ಸ್ವಲ್ಪ ತಡೆದು ಅವನೇ ಅಂದ: “ಒಮ್ಮೆ ಎತ್ತಿದ್ನಿರಿ, ಐದು ತಿಂಗಳ ಹಿಂದ. ನಮ್ಮ ಅಣ್ಣಂದು ವಿಮಾನ.”

ಸತ್ತವನನ್ನು ಕೂರಿಸಿ ಒಯ್ಯುವ ವಿಮಾನ. ಬಾಳೆದಿಂಡು, ಬಿದಿರು, ಹೂವು. ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತ ಅಣ್ಣ. ಮುಂದಿನ ಎಡಬದಿಯ ಗಳ ಅವನ ಹೆಗಲಿಗೆ ಬಂದಿತ್ತು. ಹಳ್ಳದ ದಂಡೆ ಇಳಿಯುವಾಗ ಕಾಲು ಜಾರಿ, ಅಣ್ಣನ ಇಡೀ ಮೈಭಾರ ಒಮ್ಮೆಗೇ ಮುಂದೆ ವಾಲಿ ಅವನ ಹೆಗಲ ಮೇಲೆ ಕುಳಿತಿತ್ತು. ಎದೆಯೊಳಗೆ ಏನೋ ಚಳಕ್ ಎಂದಿತ್ತು. ಅದು ಆಗಬೇಕಾದ್ದೇ ಎಂದು ಅವನಿಗೆ ಆಗಲೇ ಅನಿಸಿತ್ತು.

ಡಾಕ್ಟರು ಕೈ ತೆಗೆದರು. “ಎಲುಬು ಕೂಡೂ ಜಾಗಾ ಉಳುಕೈತಿ. ಎದಿ ಗುಂಡಿಗಿ ಎರಡೂ ಚಲೋ ಅದಾವ. ಆದ್ರ ಐದು ತಿಂಗಳ ಇರೂ ನೋವಲ್ಲ ಇದು. ನೀವು ದಿನಾ ಅದನ್ನ ಒತ್ತಿ ನೋಡ್ತೀರೇನು, ಐತೋ ಇಲ್ಲೋ ಅಂತ?”

ಮುರಗೆಪ್ಪ ಕರಡಿಗೆಯನ್ನು ಮತ್ತೆ ನಡುವಿಗೆ ಸರಿಸಿಕೊಂಡ. ಬೆಳಿಗ್ಗೆ ಎದ್ದ ಕೂಡಲೇ ಒತ್ತಿ ನೋಡುತ್ತಿದ್ದ. ಊಟಕ್ಕೆ ಕುಳಿತಾಗ, ಅವ್ವ ಅತ್ತಿಗೆಯನ್ನು ಬೈಯಲು ಶುರುಮಾಡಿದಾಗ, ಒತ್ತುತ್ತಿದ್ದ. ನೋವು ಎದ್ದರೆ ಬೈಗಳು ಸ್ವಲ್ಪ ದೂರ ಸರಿಯುತ್ತಿತ್ತು.

“ಹುಣ್ಣ ಕೆರಕೊಂಡಂಗ ಅದು. ಬಿಟ್ರ ಮಾಯ್ತೈತಿ. ಎಣ್ಣಿ ಕೊಡ್ತೀನಿ, ಬಿಸಿ ಅರಿವೀಲೆ ಶೆಕಾ ತಗೋರಿ.” ಬರೆಯುತ್ತ ಡಾಕ್ಟರು ತಲೆಯೆತ್ತದೆ ಕೇಳಿದರು: “ಅಣ್ಣಾರು ಎದರಿಂದ ಹೋದ್ರು?”

ಗ್ಯಾಸ್ ಎನ್ನಬಹುದಾಗಿತ್ತು. ಊರಿಗೆಲ್ಲ ಹಾಗೆಯೇ ಹೇಳಿದ್ದಾಗಿತ್ತು. ಆದರೆ ಅಂಗಿಯಿಲ್ಲದೆ ನಿಂತಿದ್ದಕ್ಕೋ, ಡಾಕ್ಟರು ಆ ನೋವನ್ನು ಕಸಿದುಕೊಂಡಿದ್ದಕ್ಕೋ, ಅವನು ಹೇಳತೊಡಗಿದ. ಬೆವರು ಹೇಳಿದ. ಗದ್ದ ಉಜ್ಜಿಕೊಂಡದ್ದು ಹೇಳಿದ. ಹೇಳುತ್ತ ಹೇಳುತ್ತ, ತಾನು ಎಂದೂ ಒಟ್ಟಿಗೆ ಇಟ್ಟು ನೋಡದಿದ್ದ ಇನ್ನೊಂದು ಸಂಗತಿ ಬಂದು ಸೇರಿತು. ಅದಕ್ಕೂ ಎಂಟು ದಿನ ಮೊದಲಿನಿಂದ ಅಣ್ಣ ಬೆಳಗಿನ ಪೂಜೆಯಲ್ಲಿ ಲಿಂಗವನ್ನು ಎಡ ಅಂಗೈಯಲ್ಲಿ ಎತ್ತಿ ಹಿಡಿಯಲಾರದೆ ಹೋಗಿದ್ದ. ಮುಂಗೈ ಜಡವಾಗುತ್ತದೆ, ತೋಳಿನಲ್ಲಿ ಸೀಸ ಹೊಯ್ದಂತಾಗುತ್ತದೆ ಎಂದಿದ್ದ. ನೇಗಿಲು ಹಿಡಿದು ಬಂದ ಮೇಲಂತೂ ಹೆಚ್ಚು. ಅವ್ವ, ಮನಸ್ಸು ನಿಲ್ಲದವನ ಕೈ ನಿಲ್ಲುತ್ತದೆಯೇ ಎಂದು ಗದರಿಸಿ ಸೋಮವಾರ ಒಪ್ಪತ್ತು ಹಿಡಿಸಿದಳು. ಮುರಗೆಪ್ಪ ಅದನ್ನು ಕೇಳಿ ನಕ್ಕು, ಯಾರ ಕೈಯೇ ಆಗಲಿ ಅಷ್ಟು ಹೊತ್ತು ಎತ್ತಿ ಹಿಡಿದರೆ ಸೋಲುತ್ತದೆ, ಇದಕ್ಕೆ ಭಕ್ತಿ ಏನು ಮಾಡೀತು ಎಂದಿದ್ದ. ಅವ್ವನದು ಮೌಢ್ಯ, ತನ್ನದು ಬುದ್ಧಿ. ಇಬ್ಬರೂ ಕೈಯನ್ನೇ ನೋಡುತ್ತಿದ್ದರು.

ಡಾಕ್ಟರು ಲೇಖಣಿ ಕೆಳಗಿಟ್ಟರು. ಆಮೇಲೆ ಮೇಜಿನ ಮೇಲೆ ಒಂದು ಬೆರಳು ಊರಿದರು. “ನೋಡ್ರಿ. ಹಿಂಗ ಬೆರಳಿಟ್ಟು ತೋರಸೂ ನೋವು, ಒತ್ತಿದ್ರ ಚುಚ್ಚೂದು, ಹೊಳ್ಳಿದ್ರ ಹಿಡಿಯೂದು, ಅದು ಭಾಳ ಮಾಡಿ ಎಲುಬಿಂದು, ನರದ್ದು. ಉಂಡ ಮ್ಯಾಲ ಉರಕೊಂತ, ಹುಳಿ ತೇಗಿನ ಕೂಡ ಗಂಟಲಕ ಬರೂದು ಹೊಟ್ಟೀದು. ಬರೇ ಅಂಜಿದ್ರೂ ಎದಿ ಹಿಡೀತೈತಿ. ನನ್ನ ಕಡೆ ಎದಿನೋವು ಅಂತ ಬರೂ ಹತ್ತರಾಗ ಆರು ಮಂದಿ ಇಂಥಾವರ.” ಬೆರಳನ್ನು ಎತ್ತಿ ಇಡೀ ಅಂಗೈಯನ್ನು ತಮ್ಮ ಎದೆಯ ಮೇಲೆ ಹರಡಿ ಇಟ್ಟುಕೊಂಡರು. “ಆದ್ರ ಕಲ್ಲ ಹೇರಿದಂಗ ಆಗೂದು, ತೋಳಿಗೆ, ಗದ್ದಕ್ಕ, ಬೆನ್ನಿಗೆ ಇಳಿಯೂದು, ದುಡದ್ರ ಬರೂದು ಕುಂತ್ರ ನಿಲ್ಲೂದು, ಚಳ್ಯಾಗ ಬೆವರು, ದಮ್ಮು. ಇದರಾಗ ಒಂದರ ಇತ್ತಂದ್ರ ಮನ್ಯಾಗ ಕುಂತು ಇದು ಇಂಥಾದ್ದ ಅಂತ ಹೇಳಬಾರದು. ಗಾಡಿ ಹೂಡಬೇಕು. ಸುಳ್ಳ ಆದ್ರ ಆಗ್ಲಿ, ನಕ್ಕೊಂತ ಹೊಳ್ಳಿ ಹೋಗ್ರಿ. ನಾ ಏನ್ ಬೈಯೂದಿಲ್ಲ.”

“ತಂದಿದ್ರ ಉಳೀತಿದ್ನೇನ್ರಿ?”

“ಅದು ಖುದಾಗ ಗೊತ್ತು. ನಾ ಒಂದು ಸೂಜಿ ಹಾಕತಿದ್ದೆ, ಅಳಗಾಡದಂಗ ಮಲಗಸ್ತಿದ್ದೆ, ಮಿರಜಿಯ ದೊಡ್ಡ ದವಾಖಾನಿಗೆ ಕಳಸ್ತಿದ್ದೆ. ಉಳೀತಿದ್ರು ಅನ್ನಾಕ ಬರಾಂಗಿಲ್ಲ. ಉಳೀತಿರಲಿಲ್ಲ ಅನ್ನಾಕೂ ಬರಾಂಗಿಲ್ಲ.”

ಅಂಗಿ ಹಾಕಿಕೊಳ್ಳುತ್ತ ಮುರಗೆಪ್ಪ ಕೊನೆಯದನ್ನು ಕೇಳಿದ. ದನಿ ತನ್ನದಲ್ಲವೆನ್ನುವಂತೆ ಬಂತು. “ಝುಣಕ ಉಂಡದ್ದಕ್ಕ ಹಿಂಗ ಆಗಿರಬಹುದೇನ್ರಿ?”

ಡಾಕ್ಟರು ಅವನನ್ನು ದಿಟ್ಟಿಸಿದರು. “ಝುಣಕ? ಯಾರಂದ್ರು ಹಂಗ?”

ಯಳವಿಗೆ ಮರಳುವ ಮೋಟಾರಿನ ಹಿಂದಿನ ಸೀಟಿನಲ್ಲಿ ಕುಳಿತಾಗ ಹೊಟ್ಟೆಯಲ್ಲಿ ಕೂಳಿಲ್ಲದಿದ್ದರೂ ಹಸಿವಿರಲಿಲ್ಲ. ಇವತ್ತು ಮಧ್ಯಾಹ್ನದ ಮೇಲೆ ಅತ್ತಿಗೆ ತವರಿಗೆ ಹೊರಡುವವಳು. ಅವಳ ಅಣ್ಣ ಶಂಕರೆಪ್ಪ ನಿನ್ನೆಯೇ ಡಫಳಾಪುರದಿಂದ ಚಕ್ಕಡಿ ಹೂಡಿಕೊಂಡು ಬಂದಿದ್ದ. ನಾಕು ದಿನ ಇದ್ದು ಬರಲಿ ಎಂದು ಬಾಯಿಮಾತಿಗೆ ಹೇಳಿದರೂ ಚಕ್ಕಡಿಯಲ್ಲಿ ಅವಳ ಪೆಟ್ಟಿಗೆ, ಹಾಸಿಗೆ, ತವರಿನಿಂದ ತಂದಿದ್ದ ಹಿತ್ತಾಳೆಯ ಕೊಡ ಎಲ್ಲ ಏರುತ್ತವೆಂದು ಎಲ್ಲರಿಗೂ ಗೊತ್ತಿತ್ತು. ಅಣ್ಣನ ದಿನಕರ್ಮ ಮುಗಿದ ಮರುದಿನದಿಂದ ಅವ್ವ ಅವಳ ಕೈಯ ನೀರನ್ನೂ ಮುಟ್ಟಿರಲಿಲ್ಲ. ‘ಉಣಿಸಿ ಕೊಂದಾಕಿ’ ಎನ್ನುತ್ತಿದ್ದಳು. ‘ಗ್ಯಾಸ ಆಗೂವಂಥಾದ್ದು ಉಣಿಸಿದ್ಲು ನನ್ನ ಮಗಗ’ ಎಂದು ನೀರಿಗೆ ಬಂದ ಹೆಂಗಸರ ಮುಂದೆ ಅವನದೇ ಶಬ್ದವನ್ನು ಎತ್ತಿ ಎತ್ತಿ ಹೇಳುತ್ತಿದ್ದಳು. ಊರ ಹೆಂಗಸರು ಕೊಡ ತುಂಬಿಕೊಳ್ಳುವಾಗ ಅತ್ತಿಗೆಗೆ ಜಾಗ ಬಿಟ್ಟು ನಿಲ್ಲುತ್ತಿದ್ದರು. ಅವಳ ಮುಖದ ಮೇಲೆ ಅವನು ಹುಡುಕುತ್ತಿದ್ದುದು ಸಿಟ್ಟನ್ನು. ಸಿಕ್ಕಿದ್ದರೆ ಒಳ್ಳೆಯದಿತ್ತು. ತನ್ನ ಕೈಯ ಅಡುಗೆಯೇ ಕೊಂದಿತೆಂದು ಅವಳು ನಂಬಿಬಿಟ್ಟಿದ್ದಳು. ಒಂದು ದಿನ ಹಿತ್ತಲಲ್ಲಿ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದವಳು, ಅವನು ಬಂದದ್ದನ್ನು ಕಂಡು ಬೂದಿ ಮೆತ್ತಿ ಪಾತ್ರೆ ತಿಕ್ಕತೊಡಗಿದಳು.

ಈಗ ಹೇಳಬೇಕು. ಹೇಳುವುದಕ್ಕೆ ಡಾಕ್ಟರ ಮಾತು ಕೈಗೆ ಸಿಕ್ಕಿದೆ. ‘ಇವತ್ತ ಡಾಕ್ಟರ ಹೇಳಿದ್ರು’ ಎಂದು ಶುರುಮಾಡಿದರಾಯಿತು. ಇವತ್ತು ಗೊತ್ತಾಯಿತು, ಇವತ್ತೇ ಹೇಳುತ್ತಿದ್ದೇನೆ. ಎಷ್ಟು ಸರಳ. ತಂದಿದ್ದರೂ ಉಳಿಯುತ್ತಿದ್ದನೆಂದು ಹೇಳಲು ಬರುವುದಿಲ್ಲ ಎಂಬುದನ್ನೂ ಸೇರಿಸಬಹುದು. ಮುಂಚೆ ಸೇರಿಸಬೇಕೋ ಆಮೇಲೋ? ಮುಂಚೆಯೇ ಒಳ್ಳೆಯದು. ಅವನು ವಾಕ್ಯಗಳನ್ನು ಅರ್ಜಿಯ ಹಾಗೆ ಜೋಡಿಸುತ್ತಿದ್ದ. ಕೈ ತಾನಾಗಿಯೇ ಎದೆಗೆ ಹೋಯಿತು. ಒತ್ತಲಿಲ್ಲ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮುಂದಿನ ಸೀಟಿನ ಕಬ್ಬಿಣ ಹಿಡಿದುಕೊಂಡ.

ಅಂಗಳದಲ್ಲಿ ಚಕ್ಕಡಿ ನಿಂತಿತ್ತು. ಶಂಕರೆಪ್ಪ ಎತ್ತುಗಳನ್ನು ನೊಗಕ್ಕೆ ಕಟ್ಟುತ್ತಿದ್ದ. ಅತ್ತಿಗೆ ತಲೆಯ ಮೇಲೆ ಸೆರಗು ಹೊದ್ದು, ಕಾಲುಗಳನ್ನು ಮಡಚಿಕೊಂಡು ಹಾಸಿಗೆಯ ಸುರುಳಿಗೆ ಒರಗಿ ಆಗಲೇ ಕುಳಿತಿದ್ದಳು. ಅವ್ವ ಕಾಳವ್ವ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಂದು ಕಲ್ಲು ಸಿಕ್ಕರೆ ಅದನ್ನು ಚಕ್ಕಡಿಯ ಕಡೆ ಎಸೆಯುತ್ತಿದ್ದಳು. ಬೇಕೆಂದೇ ಎಸೆಯುತ್ತಿದ್ದಳೆಂದು ಹೇಳುವಂತಿರಲಿಲ್ಲ.

“ಏನಂದ ಡಾಕ್ಟರ?” ಎಂದಳು ಅವ್ವ.

“ವೈನಿ,” ಎಂದ ಮುರಗೆಪ್ಪ. ಜೋಡಿಸಿಕೊಂಡು ಬಂದ ಮೊದಲ ವಾಕ್ಯ ಬಾಯಿಗೆ ಬರಲಿಲ್ಲ. “ಅಣ್ಣ ಸತ್ತದ್ದು ಝುಣಕದಿಂದ ಅಲ್ಲ. ಗ್ಯಾಸ್ ಇರಲಿಲ್ಲ ಅದು. ಗುಂಡಿಗಿ ಬ್ಯಾನಿ. ನೀವು ಮೋಟಾರ ನಿಲ್ಲಸ್ತೀನಿ ಅಂದದ್ದ ಖರೆ ಇತ್ತು. ನಾ ತಪ್ಪ ಹೇಳಿದೆ.”

ಶಂಕರೆಪ್ಪನ ಕೈಯಲ್ಲಿ ನೊಗದ ಜೊತ್ತಿಗೆಯ ಪಟ್ಟಿ ಹಾಗೆಯೇ ನಿಂತಿತು. ಅವ್ವನ ಮೊರ ನಿಂತಿತು. ಅತ್ತಿಗೆ ಸೆರಗನ್ನು ಸ್ವಲ್ಪ ಹಿಂದೆ ಸರಿಸಿದಳು. ಐದು ತಿಂಗಳಲ್ಲಿ ಮೊದಲ ಸಲ ಅವಳು ಅವನನ್ನು ನೇರವಾಗಿ ನೋಡಿದಳು. ಕಣ್ಣಲ್ಲಿ ಏನಿತ್ತೆಂದು ಅವನಿಗೆ ತಿಳಿಯಲಿಲ್ಲ.

“ನಿಮಗ ಇದು ಯಾವಾಗ ಗೊತ್ತಾತು?”

ಇವತ್ತ, ಎನ್ನಬೇಕಾಗಿತ್ತು. ನಾಲಗೆಯ ಮೇಲೆ ಅದು ಬಂದಿತ್ತು. ಡಾಕ್ಟರು ಸಾಕ್ಷಿಗಿದ್ದರು, ಬೇಕಾದರೆ ಮೋಟಾರಿನ ಟಿಕೀಟೂ ಕಿಸೆಯಲ್ಲಿತ್ತು. ಅವಳು ಕಾಯುತ್ತಿದ್ದಳು. ಅವಳಿಗೂ ಅದೇ ಉತ್ತರ ಬೇಕಾಗಿದೆಯೇನೋ ಎಂದು ಅವನಿಗೆ ಅನಿಸಿತು. ಹಾಗೆಂದರೆ ಇಳಿದು ಬರುತ್ತಾಳೇನೋ.

“ಅವತ್ತ,” ಎಂದ. “ವಿಮಾನ ಹೊರೂ ಮುಂದ. ಯವ್ವ ನಿಮ್ಮನ್ನ ಬೈಯಾಕ ಹತ್ತಿದಾಗ. ಪಕ್ಕಾ ಗೊತ್ತಿರಲಿಲ್ಲ. ಖರೆ, ಗೊತ್ತಿತ್ತು.”

ಅತ್ತಿಗೆ ತಲೆಯಾಡಿಸಿದಳು. ಸಂತೆಯಲ್ಲಿ ದರ ಕೇಳಿ ಮುಂದೆ ಹೋಗುವವರ ಹಾಗೆ. “ಐದ ತಿಂಗಳ ಎದುರಿಗೆ ಕುಂತು ಉಂಡ್ರಿ,” ಎಂದಳು. “ನಾ ನೀಡೂದು ಬಿಟ್ಟ ಮ್ಯಾಲೂ, ಯಾಕ ಬಿಟ್ಟೀರಿ ವೈನಿ ಅಂತ ಕೇಳಲಿಲ್ಲ.”

“ಇಳೀರಿ ವೈನಿ. ಒಳಗ ನಡೀರಿ.”

“ಯಾಕ?” ಎಂದಳು ಅವಳು. “ನನಗ ಯಾಕ ಹೇಳ್ತೀರಿ ಈಗ? ನಿಮ್ಮ ಎದಿ ಹಗರ ಆಗ್ಲಿ ಅಂತೇನು? ಬಾವ್ಯಾಗ ನೀರ ಸೇದೂವಾಗ ಹೆಂಗಸರು ದೂರ ನಿಂತ್ರಲ್ಲ, ಅವರಿಗೆ ಹೇಳ್ರಿ. ಅಗಸ್ಯಾಗ ನಿಂತು ಊರಿಗೆ ಹೇಳ್ರಿ. ಚಕ್ಕಡಿ ಹತ್ತಿದಾಕಿ ಕಿವ್ಯಾಗ ಹೇಳಬ್ಯಾಡ್ರಿ.” ತನ್ನ ಅಣ್ಣನ ಕಡೆ ತಿರುಗಿದಳು. “ಗಾಡಿ ಹೊಡಿಯಣ್ಣಾ.”

ಶಂಕರೆಪ್ಪ ಹೊಡೆಯಲಿಲ್ಲ. ಮುರಗೆಪ್ಪನನ್ನು ಕಾಲಿನಿಂದ ತಲೆಯವರೆಗೆ ನೋಡಿದ. “ಬಿ.ಎ. ಅಂತ!” ಎಂದು ಪಕ್ಕಕ್ಕೆ ಉಗುಳಿ, ಆಮೇಲೆ ಎತ್ತಿನ ಬಾಲ ತಿರುವಿದ.

ಚಕ್ಕಡಿ ಓಣಿಯ ತಿರುವು ದಾಟುವವರೆಗೆ ಮುರಗೆಪ್ಪ ನಿಂತೇ ಇದ್ದ. ಹಿಂದಿನಿಂದ ಮೊರದಲ್ಲಿ ಜೋಳ ಮತ್ತೆ ಸರಿದಾಡುವ ಸದ್ದು ಕೇಳಿಸಿತು. ಅವ್ವ ಬಹಳ ಸಹಜವಾಗಿ, ಬಾಗಿಲು ಯಾಕೆ ತೆರೆದಿಟ್ಟೆ ಎಂದು ಕೇಳುವ ದನಿಯಲ್ಲಿ ಕೇಳಿದಳು: “ಯಾಕ ಹೇಳಿದಿ? ಸುಮ್ನ ಹೋಗ್ತಿದ್ಲು.”

ಅವನು ತಿರುಗಿದ. ಅವ್ವ ತಲೆಯೆತ್ತಲಿಲ್ಲ.

“ನಿನಗ ಗೊತ್ತಿತ್ತೇನ ಯವ್ವಾ?”

“ನನಗೇನ ಗೊತ್ತು, ಸಾಲಿ ಕಲ್ತಿಲ್ಲ ಏನಿಲ್ಲ.” ಒಂದು ಕಲ್ಲು ಸಿಕ್ಕಿತು. ಈಗ ಎಸೆಯಲಿಲ್ಲ, ಸೆರಗಿನ ಮೇಲೆ ಇಟ್ಟುಕೊಂಡಳು. “ಆಕಿ ಮೋಟಾರ ಅಂದದ್ದು ನಾನೂ ಕೇಳೀನಿ. ನೀ ಬ್ಯಾಡ ಅಂದದ್ದೂ ಕೇಳೀನಿ. ಯಾರ ಮ್ಯಾಲರ ಹಾಕಬೇಕಾಗಿತ್ತಪಾ. ನಿನ್ನ ಮ್ಯಾಲ ಹಾಕಿದ್ರ ನೀ ಇರತಿದ್ದೀ ಏನು? ನೀ ಹಳ್ಳದ ಮಡುವಿನ ಕಡೆ ನೋಡೂದ ನಾ ಕಂಡಿದ್ದೆ. ಒಂದ ವಾರದಾಗ ಇಬ್ಬರನ್ನ ಹೂಳೂವಷ್ಟು ಗಟ್ಟಿ ಇಲ್ಲ ನಾನು.” ಮೊರವನ್ನು ಎರಡು ಸಲ ಕೇರಿದಳು. ಹೊಟ್ಟು ಹಾರಿತು. “ಆಕಿಗೆ ಅಣ್ಣಂದಿರು ಅದಾರ. ಉಂಡಕೊಂಡ ಇರ್ತಾಳ. ಬಾ, ರೊಟ್ಟಿ ಆರತಾವ.”

ರೊಟ್ಟಿಯ ವಾಸನೆ ನಿಜವಾಗಿಯೂ ಬರುತ್ತಿತ್ತು. ಅವನಿಗೆ ಹಸಿವಾಗಿತ್ತು. ಆ ಹಸಿವಿನಷ್ಟು ಹೇಸಿಗೆ ಅವನಿಗೆ ಇನ್ನಾವುದರಿಂದಲೂ ಆಗಿರಲಿಲ್ಲ. ಒಳಗೆ ಹೋಗಿ ಕುಳಿತರೆ ಅವ್ವ ನೀಡುತ್ತಾಳೆ, ತುಪ್ಪವೂ ಇರುತ್ತದೆ, ಇನ್ನು ಈ ಮನೆಯಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ನಾಳೆ ಕಚೇರಿ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದವನು ಅದನ್ನು ಹಿಂದಕ್ಕೆ ತೆಗೆದ. ಅವ್ವ ಎಲ್ಲಿಗೆ ಎಂದು ಕೇಳಿದಳು, ಎರಡನೆಯ ಸಲ ಹೆಸರು ಹಿಡಿದು ಕೂಗಿದಳು, ಮೂರನೆಯ ಸಲ ಕೂಗಿದಾಗ ಅವನು ಓಣಿಯಲ್ಲಿದ್ದ.

ಅಗಸಿಯ ಕಟ್ಟೆಯ ಮೇಲೆ ಎಂಟು ಹತ್ತು ಜನ ಕುಳಿತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ಆಚೆ ಬಾವಿಯ ಹತ್ತಿರ ಹೆಂಗಸರಿದ್ದರು. ಹಿರಿಯ ಶಿದ್ರಾಯ ಹಗ್ಗದ ತುದಿಯನ್ನು ಕಾಲ್ಬೆರಳಲ್ಲಿ ಹಿಡಿದುಕೊಂಡೇ, “ಬರ್ರಿ ಬಿ.ಎ. ಸಾಹೇಬ್ರ. ಎದಿ ತೋರಿಸಿ ಬಂದ್ರಂತ? ಲಗ್ನ ಮಾಡಿದ್ರ ಎಲ್ಲಾ ನೆಟ್ಟಗ ಆಗ್ತೈತಿ ಅಂತ ಆ ಡಾಕ್ಟರಗ ಗೊತ್ತಿಲ್ಲೇನು?” ಎಂದ. ಉಳಿದವರು ಜಾಗ ಬಿಟ್ಟುಕೊಟ್ಟರು. ಅವನಿಗೆ ಯಾವಾಗಲೂ ಜಾಗ ಬಿಡುತ್ತಿದ್ದರು.

ಮುರಗೆಪ್ಪ ಕುಳಿತುಕೊಳ್ಳಲಿಲ್ಲ. ಕೈಗಳನ್ನು ಏನು ಮಾಡಬೇಕೆಂದು ಈಗಲೂ ತಿಳಿಯಲಿಲ್ಲ. “ಶಿದ್ರಾಯ ಕಾಕಾ, ಎಲ್ಲಾರೂ ಒಂದೀಟ ಕೇಳ್ರಿ,” ಎಂದ. ಬಾವಿಯ ಕಡೆ ತಿರುಗಿ, “ನೀವೂ ಕೇಳ್ರೆವ್ವಾ.” ಹಗ್ಗದ ಕೈಗಳು ನಿಂತವು. “ಪುಷ್ಯದಾಗ ನಮ್ಮ ಅಣ್ಣಗ ಬ್ಯಾನಿ ಬಂದಾಗ ನಮ್ಮ ವೈನಿ ಮೋಟಾರ ನಿಲ್ಲಸ್ತೀನಿ ಅಂದಿದ್ಲು.” ದನಿ ನಡುವೆಯೇ ಒಡೆದು ಕೀರಲಾಗಿ ಬಂತು. ಯಾರೋ ನಕ್ಕರು. ಅವನು ಗಂಟಲು ಸರಿಮಾಡಿಕೊಂಡು ಮತ್ತೆ ಮೊದಲಿನಿಂದ, ಇನ್ನಷ್ಟು ಗಟ್ಟಿಯಾಗಿ ಶುರುಮಾಡಿದ.